ಟ್ಯಾಪೆಟ್ ಸಂದಿನ ಸನ್ನಿಧಾನಕ್ಕೆ

ತುಮಕೂರು,
ವಿಜಯದಶಮಿಯ ಮಾರನೆಯ ದಿನ, ೧೯೮೬

ಮಾನ್ಯರೇ,

ಕಾರಿನ ಎಂಜಿನ್ನಿನೊಳಗೆ, ವಾಲ್ವೆಂಬ ಬಾಗಿಲಿನ ತುದಿಗೂ ಅದನ್ನು ಕುಟ್ಟಿ ತೆರೆಯುವ ರಾಕರ್ ಎಂಬ ಪುಟ್ಟ ತೋಳಿಗೂ ನಡುವೆ, ಉಗುರಿನ ದಪ್ಪಕ್ಕಿಂತಲೂ ಕಿರಿದಾದ ಜಾಗದಲ್ಲಿ, ಬಾಡಿಗೆ ಕೊಡದೆ, ಕಂದಾಯ ಕಟ್ಟದೆ, ಯಾರ ಕಣ್ಣಿಗೂ ಬೀಳದೆ ವಾಸವಾಗಿರುವ ತಮ್ಮ ಘನ ಸನ್ನಿಧಾನಕ್ಕೆ, ಹುಟ್ಟಿನಿಂದ ಗುಬ್ಬಿಯವಳೂ ವೃತ್ತಿಯಿಂದ ವಿಜ್ಞಾನದ ಮೇಡಮ್ಮೂ ಸದ್ಯಕ್ಕೆ ತುಮಕೂರು ನಗರದ ನಿವಾಸಿಯೂ ಆದ ನಾನು ತಲೆಬಾಗಿ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಮೇಲೆ ನನ್ನದೊಂದು ದೂರಿದೆ.

ಸಂದಿಗೆ ಪತ್ರ ಬರೆಯುವವರುಂಟೇ ಎಂದು ಓದುಗರು ನಗಬಾರದು. ನಾನು ಇದುವರೆಗೆ ಬಾರದ ನಲ್ಲಿನೀರಿನ ಬಗ್ಗೆ, ಹಗಲಲ್ಲಿ ಮಾತ್ರ ಉರಿಯುವ ಬೀದಿದೀಪದ ಬಗ್ಗೆ, ಸಂತೆಯ ದಿನವೇ ಹಗುರವಾಗುವ ತೂಕದ ಕಲ್ಲುಗಳ ಬಗ್ಗೆ ಸಂಬಂಧಪಟ್ಟ ಮಹನೀಯರಿಗೆಲ್ಲ ಬರೆದಿದ್ದೇನೆ; ಎಲ್ಲಿಂದಲೂ ಉತ್ತರ ಬಂದಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಬರೆದದ್ದೆಲ್ಲ ಕೊನೆಗೆ ಖಾಲಿ ಜಾಗಕ್ಕೇ ಹೋಗಿ ಸೇರುವುದಾದರೆ, ಖಾಲಿ ಜಾಗಕ್ಕೇ ನೇರವಾಗಿ ಬರೆಯುವುದು ಅಂಚೆಯವರಿಗೂ ಸುಲಭ, ನನಗೂ ಮರ್ಯಾದೆ. ಮೇಲಾಗಿ ತಾವು ಖಾಲಿ ಎಂಬುದನ್ನು ತಾವು ಮುಚ್ಚಿಟ್ಟವರಲ್ಲ.

ತಮ್ಮ ಮಹಿಮೆಯನ್ನು ಅರಿಯದವರಿಗಾಗಿ ಒಂದೆರಡು ಮಾತು. ಕಬ್ಬಿಣ ಕಾದರೆ ಹಿಗ್ಗುತ್ತದೆ ಎಂಬುದನ್ನು ನಾನು ಎಂಟನೇ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ಹೇಳಿಕೊಡುತ್ತೇನೆ. ಎಂಜಿನ್ ಓಡಿ ಕಾದಾಗ ವಾಲ್ವೂ ಉದ್ದವಾಗುತ್ತದೆ. ಹಾಗೆ ಉದ್ದವಾಗಲು ಜಾಗವಿರಲಿ ಎಂದು, ತಣ್ಣಗಿರುವಾಗಲೇ ಲೆಕ್ಕ ಹಾಕಿ ಬಿಟ್ಟಿರುವ ಅವಕಾಶವೇ ತಾವು. ತಾವಿದ್ದರೆ ರಾಕರ್ ವಾಲ್ವನ್ನು ತಟ್ಟುವಾಗಲೆಲ್ಲ ಟಿಕ್ ಟಿಕ್ ಎಂಬ ಸಣ್ಣ ಸದ್ದು ಬರುತ್ತದೆ. ತಾವು ಅತಿಯಾದರೆ ಆ ಸದ್ದು ಅಕ್ಕಸಾಲಿಗರ ಬೀದಿಯಾಗುತ್ತದೆ. ತಾವು ಇಲ್ಲವೇ ಇಲ್ಲವೆಂದಾದರೆ ಸದ್ದೇನೋ ಇರುವುದಿಲ್ಲ, ಆದರೆ ಕಾದು ಉದ್ದವಾದ ವಾಲ್ವು ತನ್ನ ಬಾಗಿಲನ್ನು ಪೂರ್ತಿ ಮುಚ್ಚಲಾರದೆ, ಒಳಗಿನ ಬೆಂಕಿ ಆ ಬಿರುಕಿನಲ್ಲಿ ನುಗ್ಗಿ, ಅಂಚು ಸುಟ್ಟು, ಎಂಜಿನ್ನಿನ ಕಸುವೆಲ್ಲ ಸೋರಿಹೋಗುತ್ತದೆ. ಅಂದರೆ ಸಣ್ಣದಾಗಿ ಸದ್ದು ಮಾಡುವ ಎಂಜಿನ್ ಆರೋಗ್ಯವಾಗಿದೆ, ಸದ್ದೇ ಮಾಡದ ಎಂಜಿನ್ ಒಳಗೊಳಗೆ ಸುಡುತ್ತಿದೆ. ಈ ತತ್ತ್ವ ಕಾರಿಗೆ ಮಾತ್ರ ಅನ್ವಯಿಸುತ್ತದೆ ಎಂದು ತಿಳಿಯುವವರು ಹಾಗೆಯೇ ತಿಳಿದು ಸುಖವಾಗಿರಲಿ.

ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ನನ್ನ ದೊಡ್ಡಪ್ಪ ದೊಡ್ಡರಂಗಯ್ಯನವರು ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ಕಪ್ಪು ಕಾರನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದರು. ಕೊಟ್ಟವರು ಮಾರ್ಕೋನಹಳ್ಳಿ ಜಲಾಶಯದ ಮೇಲ್ವಿಚಾರಣೆಯಲ್ಲಿದ್ದು ನಿವೃತ್ತರಾಗಿ ಕ್ಯಾತ್ಸಂದ್ರದಲ್ಲಿ ಮನೆ ಮಾಡಿದ್ದ ಒಬ್ಬ ಇಂಜಿನಿಯರು. ಕಾರಿನ ಜೊತೆಗೆ ಅದರ ಇಂಗ್ಲಿಷ್ ಕೈಪಿಡಿಯನ್ನೂ, ಬೀಗದ ಕೈಗೊಂಚಲಿನಂತೆ ಒಂದಕ್ಕೊಂದು ಪೋಣಿಸಿದ ಉಕ್ಕಿನ ತೆಳು ಎಲೆಗಳ ಫೀಲರ್ ಗೇಜನ್ನೂ ಕೊಟ್ಟು, ತಮ್ಮನ್ನು ಅಳೆಯುವುದು ಹೇಗೆಂದು ಬಾನೆಟ್ ಎತ್ತಿ ತೋರಿಸಿ, ಹೊರಡುವಾಗ ಹೆಣ್ಣು ಕೊಟ್ಟ ತಂದೆಯ ದನಿಯಲ್ಲಿ, "ಸ್ವಲ್ಪ ಟಿಕ್ ಟಿಕ್ ಅನ್ನುತ್ತೆ ರಂಗಯ್ಯನೋರೆ, ಅನ್ನಲಿ ಬಿಡಿ, ಅದು ಅದರ ಸ್ವಭಾವ" ಎಂದಿದ್ದರು. ದೊಡ್ಡಪ್ಪನವರು ತಲೆಯಾಡಿಸಿದರು. ನಮ್ಮ ಮನೆಯಲ್ಲಿ ತಲೆಯಾಡಿಸುವುದೆಂದರೆ ಕೇಳಿಸಿಕೊಂಡೆ ಎಂದಲ್ಲ, ಇನ್ನು ಹೊರಡಿ ಎಂದು.

ಆ ಗೇಜಿನ ಗತಿ ಏನಾಯಿತೆಂದು ತಮಗೆ ತಿಳಿಸಲೇಬೇಕು, ಏಕೆಂದರೆ ಲೋಕದಲ್ಲಿ ತಮ್ಮನ್ನು ಸರಿಯಾಗಿ ಬಲ್ಲ ಏಕೈಕ ವಸ್ತು ಅದೇ. ಆ ವರ್ಷದ ಆಯುಧಪೂಜೆಯಲ್ಲಿ ದೊಡ್ಡಮ್ಮ ಪುಟ್ಟತಾಯಮ್ಮನವರು ತಕ್ಕಡಿ, ಕುಡುಗೋಲು, ಕೊಬ್ಬರಿ ಸುಲಿಯುವ ಮಚ್ಚುಗಳ ಸಾಲಿನಲ್ಲಿ ಅದನ್ನೂ ಇಟ್ಟು, ಎಲೆ ಎಲೆಯನ್ನೂ ಬಿಡಿಸಿ ಒಂದೊಂದಕ್ಕೂ ಅರಿಶಿನ, ಕುಂಕುಮ, ಗಂಧ ಹಚ್ಚಿದರು. ಇಷ್ಟು ತೆಳ್ಳಗೆ ಹೊಳೆಯುವುದು ಸಾಮಾನ್ಯ ಆಯುಧವಲ್ಲವೆಂದು ತೀರ್ಮಾನವಾಗಿ ಅದು ಶೆಡ್ಡಿಗೆ ಮರಳದೆ ದೇವರಮನೆಯಲ್ಲೇ ಉಳಿಯಿತು. ವರ್ಷ ವರ್ಷ ಗಂಧದ ಮೇಲೆ ಗಂಧ ಬಿದ್ದು, ತುಕ್ಕು ಕುಂಕುಮಗಳು ಯಾವುದು ಯಾವುದೆಂದು ತಿಳಿಯದಂತೆ ಬೆರೆತು, ಎಲೆಗಳೆಲ್ಲ ಒಂದೇ ಮುದ್ದೆಯಾದವು. ನಿನ್ನೆ ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ ಆ ಮುದ್ದೆ ಬೆಳ್ಳಿಯ ತಟ್ಟೆಯಲ್ಲಿ ಚೆಂಡುಹೂ ಮುಡಿದು ಕೂತಿದ್ದನ್ನು ಕಂಡೇ ನನಗೆ ಈ ಪತ್ರ ಬರೆಯುವ ಬುದ್ಧಿ ಬಂದದ್ದು. ಅಳೆಯಬೇಕಾದ ವಸ್ತುವನ್ನು ಪೂಜಿಸಿ ಕೂರಿಸಿದರೆ ಅಳೆಯುವ ಕಷ್ಟ ತಪ್ಪುತ್ತದೆ ಎಂಬ ನಮ್ಮ ಹಿರಿಯರ ಜಾಣತನಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಗೇಜು ದೇವರಾದ ಮೇಲೆ ಮೆಕ್ಯಾನಿಕ್ ಗುಂಡಯ್ಯ ಏನು ಮಾಡಬೇಕು? ಆತ ಗುಬ್ಬಿ ಸ್ಟೇಷನ್ ಕಡೆ ತಗಡಿನ ಶೆಡ್ಡು ಹಾಕಿಕೊಂಡು, ಗಿರಾಕಿ ಏನು ಕೇಳಿದರೂ ಇಲ್ಲವೆನ್ನದೆ ಬಾಳುತ್ತಿದ್ದ ಸಜ್ಜನ. ಆತ ತಮ್ಮನ್ನು ಲಗ್ನಪತ್ರಿಕೆಯಿಂದ ಅಳೆಯತೊಡಗಿದ. ನಮ್ಮ ಕಡೆ ಮದುವೆಯ ಕಾಲದಲ್ಲಿ ಪ್ರತಿ ಅಂಗಡಿಯ ಮೊಳೆಗೂ ಒಂದು ಹೊರೆ ಲಗ್ನಪತ್ರಿಕೆ ನೇತುಬಿದ್ದಿರುತ್ತದೆ. ಅದರಿಂದೊಂದನ್ನು ಎಳೆದು, ರಾಕರಿನ ಕೆಳಗೆ ತೂರಿಸಿ, ತಿರುಪು ಬಿಗಿದು, ಪತ್ರಿಕೆ ತುಸು ಹಿಡಿದು ಹಿಡಿದು ಹೊರಗೆ ಬಂದರೆ "ಸರಿ ಹೋಯ್ತು" ಎನ್ನುವನು. ಹೀಗೆ ಗುಬ್ಬಿಯ ಕಾರುಗಳ ಆರೋಗ್ಯವು ಆಯಾ ವರ್ಷ ಯಾರ ಮನೆಯಲ್ಲಿ ಮದುವೆಯಾಯಿತೆಂಬುದರ ಮೇಲೆ ನಿಂತಿತು. ದೊಡ್ಡ ಮಂಡಿಯವರ ಮಗಳ ಮದುವೆಯಾದರೆ ಚಿನ್ನದ ಅಂಚಿನ ದಪ್ಪ ಪತ್ರಿಕೆ, ಎಂಜಿನ್ನಿನಲ್ಲಿ ಭರ್ಜರಿ ಸದ್ದು. ಬಡ ಮೇಷ್ಟರ ಮಗಳದಾದರೆ ಗುಲಾಬಿ ಬಣ್ಣದ ತೆಳು ಕಾಗದ, ಎಂಜಿನ್ ಪಿಸುಮಾತು. ಬಾನೆಟ್ಟಿನೊಳಗೂ ಅಂತಸ್ತನ್ನು ಬಿಡದ ಸಮಾಜವನ್ನು ತಾವು ಬೇರೆಲ್ಲಾದರೂ ಕಂಡಿದ್ದರೆ ತಿಳಿಸಬೇಕು.

ಇಷ್ಟರಲ್ಲೇ ನಿಂತಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಎಪ್ಪತ್ತೊಂಬತ್ತರ ಬೇಸಿಗೆಯ ಒಂದು ಸಂತೆಯ ದಿನ, ಎದುರು ಮಂಡಿಯ ಗುರುಸಿದ್ದಯ್ಯನವರು ಜನರ ನಡುವೆ ನಿಂತು, ದೊಡ್ಡಪ್ಪನವರ ಕಾರು ಹಾದುಹೋಗುವಾಗ, "ಏನ್ ರಂಗಯ್ಯ, ಕಾರ್ ಒಳಗೆ ದರ್ಜಿ ಕೂರಿಸ್ಕಂಡಿದ್ದೀಯ? ಹೊಲಿಗೆ ಮಿಷನ್ ಸದ್ದು ಕೇಳಿಸ್ತದೆ!" ಎಂದುಬಿಟ್ಟರು. ಸಂತೆ ನಕ್ಕಿತು. ದೊಡ್ಡಪ್ಪನವರು ಕಾರನ್ನು ನೇರ ಗುಂಡಯ್ಯನ ಶೆಡ್ಡಿಗೆ ತಿರುಗಿಸಿ, "ಸದ್ದು ಬರಕೂಡದು ಕಣೋ. ಬೆಣ್ಣೆ ಥರಾ ಇರಬೇಕು. ಬಂದಿದ್ದೂ ಗೊತ್ತಾಗಬಾರದು, ಹೋಗಿದ್ದೂ ಗೊತ್ತಾಗಬಾರದು" ಎಂದು ಅಪ್ಪಣೆ ಕೊಟ್ಟರು. ಅದಕ್ಕೆ ಕೆಲವೇ ವರ್ಷ ಹಿಂದೆ ಇಡೀ ದೇಶದ ತಿರುಪನ್ನೇ ಹಾಗೆ ಬಿಗಿದು, ಎಲ್ಲಿಯೂ ಸದ್ದಿಲ್ಲ ನೋಡಿ, ರೈಲು ಹೊತ್ತಿಗೆ ಸರಿಯಾಗಿ ಬರುತ್ತಿದೆ ನೋಡಿ ಎಂದು ಮೆಚ್ಚಿಕೊಂಡವರಲ್ಲಿ ದೊಡ್ಡಪ್ಪನವರೂ ಒಬ್ಬರಾದ್ದರಿಂದ ನಮಗಾರಿಗೂ ಆಶ್ಚರ್ಯವಾಗಲಿಲ್ಲ.

ಗುಂಡಯ್ಯ ದಪ್ಪ ಪತ್ರಿಕೆ ಬಿಟ್ಟು ತೆಳು ಪತ್ರಿಕೆ ಹಿಡಿದ. ಸದ್ದು ತಗ್ಗಿತು, ನಿಲ್ಲಲಿಲ್ಲ. ಪತ್ರಿಕೆ ಬಿಟ್ಟು ನಾಮಕರಣದ ಕರೆಯೋಲೆ ಹಿಡಿದ. ಕೊನೆಗೆ ಅದನ್ನೂ ಬಿಟ್ಟು ಬೀಡಿಕಟ್ಟಿನ ಮೇಲಿನ ತೆಳು ಹಾಳೆಯೊಂದನ್ನು ತೂರಿಸಿ ಬಿಗಿದ ಮೇಲೆ ಎಂಜಿನ್ ಬಾಯಿ ಮುಚ್ಚಿತು. ಆ ಸಂಜೆ ದೊಡ್ಡಪ್ಪನವರು ಗುರುಸಿದ್ದಯ್ಯನವರ ಮಂಡಿಯ ಮುಂದೆ ಕಾರನ್ನು ಎರಡು ಸಲ ಮೇಲಕ್ಕೂ ಕೆಳಕ್ಕೂ ಓಡಿಸಿದರು; ಯಾರಿಗೂ ಕೇಳಿಸದ್ದರಿಂದ ಯಾರೂ ತಿರುಗಿ ನೋಡಲಿಲ್ಲ; ಯಾರೂ ನೋಡದ್ದರಿಂದ ಮೂರನೇ ಸಲ ಹಾರನ್ ಹೊಡೆದುಕೊಂಡು ಓಡಿಸಬೇಕಾಯಿತು.

ಮನೆಯಲ್ಲಿ ಅಚ್ಚಾದದ್ದೆಲ್ಲವನ್ನೂ, ಉಪ್ಪು ಕಟ್ಟಿ ತಂದ ಪೇಪರನ್ನೂ ಬಿಡದೆ ಓದುವ ರೋಗ ನನಗೊಬ್ಬಳಿಗೇ ಇದ್ದುದರಿಂದ ಆ ಕೈಪಿಡಿಯನ್ನು ಓದಿದ್ದವಳೂ ನಾನೊಬ್ಬಳೇ. ಮಾರನೆಯ ದಿನ ಬೆಳಗ್ಗೆ ಅಂಗಳದಲ್ಲಿ ಗುಂಡಯ್ಯ ಕಾರು ಸ್ಟಾರ್ಟ್ ಮಾಡಿದಾಗ ನಾನು ಹೊರಗೆ ಓಡಿಬಂದೆ. "ದೊಡ್ಡಪ್ಪ, ಸದ್ದೇ ಬರ್ತಿಲ್ಲ" ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿ, "ಸದ್ದು ಬರ್ತಿಲ್ಲ ಅಂತ ಕಂಪ್ಲೇಂಟ್ ಮಾಡೋಳ್ನ ನಾನು ಇವತ್ತೇ ನೋಡಿದ್ದು ಕಣೇ" ಎಂದರು. ವಾಲ್ವು ಸುಡುತ್ತದೆ ಎಂದು ವಿವರಿಸಹೋದೆ. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ದೊಡ್ಡಮ್ಮ ಅಲ್ಲಿಂದಲೇ, "ಅಂಥಾ ಕಾರೇ ಬಾಯಿ ಮುಚ್ಕತು, ಇವಳು ಮುಚ್ಕಳಲಿಲ್ಲ. ಗುಂಡಯ್ಯಂಗೆ ಹೇಳಿ ಇವಳ್ದೂ ಒಸಿ ಬಿಗಿಸ್ರೀ" ಎಂದರು. ದೊಡ್ಡಪ್ಪ ನಕ್ಕರು, ಗುಂಡಯ್ಯ ನಕ್ಕ, ಹೇಳುವುದಕ್ಕೇನು, ನನಗೂ ನಗು ಬಂತು. ಕಾರೊಂದೇ ನಗಲಿಲ್ಲ.

ಇದಾದ ಕೆಲವು ವಾರಕ್ಕೆ ನನಗೆ ಕುಣಿಗಲ್ಲಿನ ಸರ್ಕಾರಿ ಹೈಸ್ಕೂಲಿಗೆ ವಿಜ್ಞಾನದ ಶಿಕ್ಷಕಿಯಾಗಿ ನೇಮಕವಾದ ಆದೇಶ ಬಂತು. ಗೊತ್ತುಪಡಿಸಿದ ದಿನದೊಳಗೆ ಕುಣಿಗಲ್ಲಿನ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ ಹಾಜರಾಗಬೇಕು, ತಪ್ಪಿದರೆ ಹುದ್ದೆ ಪಟ್ಟಿಯಲ್ಲಿ ಮುಂದಿರುವವರಿಗೆ ಎಂದು ಅದರಲ್ಲಿ ಕೆಳಗೆರೆ ಎಳೆದು ಬರೆದಿತ್ತು. ಕೆಲಸವಿಲ್ಲದೆ ಮನೆಯಲ್ಲಿ ಕೂತ ಬಿ.ಎಸ್ಸಿ., ಬಿ.ಎಡ್. ಹುಡುಗಿಗೆ ಆಗಿನ ಗುಬ್ಬಿಯಲ್ಲಿ ಎರಡೇ ಬಾಗಿಲು: ಒಂದು ಆ ಆದೇಶ, ಇನ್ನೊಂದು ಆ ವಾರವಷ್ಟೇ ಜಾತಕ ಕಳಿಸಿದ್ದ ಒಬ್ಬ ರೈಸ್‌ಮಿಲ್ಲಿನ ವರ; ಆತನ ಕಡೆಯವರು "ಹುಡುಗಿ ಜಾಸ್ತಿ ಮಾತಾಡಲ್ಲ ತಾನೆ?" ಎಂದು ಮೊದಲೇ ಕೇಳಿ ಕಳಿಸಿದ್ದರು. ನಾನು ಯಾವ ಬಾಗಿಲ ಕಡೆ ನೋಡುತ್ತಿದ್ದೆನೆಂದು ತಮಗೆ ಹೇಳಬೇಕಾಗಿಲ್ಲ.

ಆದೇಶ ಬಂದ ದಿನವೇ ಬಸ್ಸು ಹತ್ತುತ್ತೇನೆಂದೆ. ದೊಡ್ಡಪ್ಪನವರಿಗೆ ನನ್ನ ಕೆಲಸದ ಬಗ್ಗೆ ನಿಜವಾಗಿಯೂ ಹೆಮ್ಮೆ. ತೊಂದರೆಯಾದದ್ದು ಆ ಹೆಮ್ಮೆಯಿಂದಲೇ. "ನಮ್ಮನೆ ಮಗಳು ಮೊದಲ್ನೇ ಸಲ ಕೆಲಸಕ್ಕೆ ಹೋಗೋದು, ಕಂಡಕ್ಟರ್ ಕೈಲಿ ಮುಂದ್ ಹೋಗಮ್ಮಾ ಮುಂದ್ ಹೋಗಮ್ಮಾ ಅನ್ನಿಸ್ಕಂಡು ಹೋಗ್ತಾಳಾ? ಕಾರಲ್ಲೇ ಇಳೀಬೇಕು" ಎಂದರು. ಕಾರಲ್ಲಿ ಹೋಗುವುದೆಂದರೆ ಒಳ್ಳೆಯ ದಿನ ಬೇಕು. ಒಂದು ದಿನ ಅಮಾವಾಸ್ಯೆ. ಮರುದಿನ ಪಾಡ್ಯ. ಗುರುವಾರ ದಕ್ಷಿಣಕ್ಕೆ ವಾರಶೂಲ, ಕುಣಿಗಲ್ಲು ದಕ್ಷಿಣದಲ್ಲಿ ಇರುವುದು ಅದರ ದುರದೃಷ್ಟ. ಉಳಿದದ್ದು ಶುಕ್ರವಾರ, ಅದೇ ಗಡುವಿನ ದಿನ. ಅಂದೂ ರಾಹುಕಾಲ ಕಳೆಯಲೆಂದು ಮಧ್ಯಾಹ್ನದವರೆಗೆ ಕಾದು, ದೊಡ್ಡಮ್ಮ ಕಾರಿಗೆ ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಗುಂಡಯ್ಯನನ್ನು ಸ್ಟಿಯರಿಂಗಿಗೆ ಕೂರಿಸಿ ನಾವು ಹೊರಟೆವು. ಗ್ರಹ, ತಿಥಿ, ವಾರ, ದಿಕ್ಕು ಎಲ್ಲದರ ಸಂದುಗಳನ್ನೂ ಕೂದಲೆಳೆಯಷ್ಟು ಲೆಕ್ಕ ಹಾಕಿ ನೋಡಿದ ನಮ್ಮ ಮನೆಯವರು ನೋಡದೆ ಬಿಟ್ಟದ್ದು ತಮ್ಮೊಬ್ಬರನ್ನೇ.

ತುಮಕೂರಿನವರೆಗೆ ಕಾರು ಬೆಣ್ಣೆಯೇ. ಅಲ್ಲಿಂದ ಕುಣಿಗಲ್ ರಸ್ತೆ ಹಿಡಿದು ಹೆಬ್ಬೂರು ದಾಟಿ, ಒಂದು ಏರಿನಲ್ಲಿ, ಎಂಜಿನ್ ಕೆಮ್ಮಲಿಲ್ಲ, ಗುಡುಗಲಿಲ್ಲ. ಊಟವಾದ ಮೇಲೆ ಹಿರಿಯರು ಆರಾಮಕುರ್ಚಿಯಲ್ಲಿ ಒರಗುವಂತೆ ಒರಗಿ ನಿಂತುಬಿಟ್ಟಿತು. ಅದೆಷ್ಟು ಮೃದುವಾಗಿ ನಿಂತಿತೆಂದರೆ ದೊಡ್ಡಪ್ಪನವರು ಗುಂಡಯ್ಯನೇ ನಿಲ್ಲಿಸಿದನೆಂದು ತಿಳಿದು, "ಇಲ್ಲೆಲ್ಲಿ ಟೀ ಅಂಗಡಿ ಐತೋ?" ಎಂದು ಕೇಳಿದರು. ಗುಂಡಯ್ಯ ಇಳಿದು ಪೆಟ್ರೋಲ್ ಪೈಪನ್ನು ಬಾಯಲ್ಲಿ ಊದಿದ. ಪ್ಲಗ್ಗುಗಳನ್ನು ಬಿಚ್ಚಿ ಪಂಚೆಯಲ್ಲಿ ಒರೆಸಿದ. ಮತ್ತೆ ಊದಿದ. ಹ್ಯಾಂಡಲ್ ಹಾಕಿ ತಿರುಗಿಸಿದರೆ ಎಂಜಿನ್ ಒಳಗಿಂದ ಪುಸ್ಸೆಂದು ಉಸಿರು ಬಿಟ್ಟು ಸುಮ್ಮನಾಯಿತು. "ದೃಷ್ಟಿ ಆಗೈತೆ ಬುದ್ಧಿ, ಆ ಗುರುಸಿದ್ದಯ್ಯಂದು" ಎಂದು ಆತ ಕೊನೆಗೆ ರೋಗ ಪತ್ತೆ ಮಾಡಿದ. ಅದಕ್ಕೆ ಮದ್ದಾಗಿ ಇನ್ನೊಂದು ನಿಂಬೆಹಣ್ಣು ಹೋಯಿತು, ಅದರೊಂದಿಗೆ ನನ್ನ ಮಧ್ಯಾಹ್ನವೂ.

ಈ ನಡುವೆ ಕುಣಿಗಲ್ ಕಡೆಯ ಬಸ್ಸೊಂದು ಬಂದು, ಪಾಪ, ತಾನಾಗಿಯೇ ನಿಂತಿತು. ನಾನು ಬ್ಯಾಗು ಎತ್ತಿಕೊಂಡೆ. ದೊಡ್ಡಪ್ಪನವರು ಕಾರಿನ ಬಾಗಿಲಿಗೆ ಅಡ್ಡ ನಿಂತು, ಬಸ್ಸಿನವನಿಗೆ "ನೀವ್ ಹೋಗ್ರಪ್ಪ, ಏನೂ ಆಗಿಲ್ಲ, ಎಂಜಿನ್ ತಣ್ಣಗೆ ಮಾಡ್ತಿದೀವಿ" ಎಂದು ಕೈಬೀಸಿ ಕಳಿಸಿಬಿಟ್ಟರು. ಮಾನ್ಯರೇ, ಒಬ್ಬಳ ಜೀವಮಾನ ಹಸಿರು ಬಣ್ಣ ಬಳಿದುಕೊಂಡು ಧೂಳೆಬ್ಬಿಸುತ್ತ ಹೋಗುವುದನ್ನು ತಾವು ನೋಡಿಲ್ಲ. ನಾನು ನೋಡಿದೆ. ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಗುಂಡಯ್ಯ, ಟ್ಯಾಪೆಟ್ ಕವರ್ ಬಿಚ್ಚಪ್ಪ" ಎಂದೆ.

"ನೀನ್ ಸುಮ್ನೆ ಹಿಂದೆ ಕೂತ್ಕಳಮ್ಮ" ಎಂದರು ದೊಡ್ಡಪ್ಪ. ವಾದಿಸಿ ಫಲವಿಲ್ಲವೆಂದು ಕೈಪಿಡಿಯಲ್ಲಿ ಓದಿದ್ದ ಸೂತ್ರವನ್ನಷ್ಟೇ ಹೇಳಿದೆ: ವಾಲ್ವುಗಳು ಎಂಟು, ಒಂದನೆಯದು ಪೂರ್ತಿ ಒತ್ತಿರುವಾಗ ಎಂಟನೆಯದರ ಸಂದು ನೋಡಬೇಕು, ಎರಡನೆಯದು ಒತ್ತಿರುವಾಗ ಏಳನೆಯದು, ಮೂರಕ್ಕೆ ಆರು, ಹೀಗೆ ಎರಡೂ ಕೂಡಿದರೆ ಯಾವಾಗಲೂ ಒಂಬತ್ತು. ದೊಡ್ಡಪ್ಪನವರ ಮುಖ ಬದಲಾಯಿತು. "ಒಂಬತ್ತಾ? ಯಾವ ಕಡೆಯಿಂದ ಕೂಡಿದ್ರೂ?" ಎಂದರು. ಯಾವ ಕಡೆಯಿಂದಲೂ ಎಂದೆ. "ನವಗ್ರಹ ಕಣೋ ಗುಂಡ" ಎಂದು ಅವರು ದಕ್ಷಿಣಕ್ಕೆ ತಿರುಗಿ ಕೈಮುಗಿದರು, "ಬಿಚ್ಚು." ವಿಜ್ಞಾನ ನಮ್ಮ ಮನೆಯೊಳಕ್ಕೆ ಪ್ರವೇಶಿಸಿದ್ದು ಹೀಗೆ, ಹಿಂಬಾಗಿಲಿನಿಂದ, ಕಾಲು ತೊಳೆದುಕೊಂಡು.

ಕವರ್ ಬಿಚ್ಚಿದರೆ ತಾವು ಎಲ್ಲಿಯೂ ಇರಲಿಲ್ಲ. ಎಂಟು ಕಡೆಯೂ ಕಬ್ಬಿಣ ಕಬ್ಬಿಣವನ್ನು ಒತ್ತಿ ಹಿಡಿದಿತ್ತು. ತಿರುಪು ಸಡಿಲಿಸಬಹುದು, ಎಷ್ಟೆಂದು ಅಳೆಯುವುದು ಯಾವುದರಿಂದ? ಗೇಜು ಗುಬ್ಬಿಯಲ್ಲಿ ನೈವೇದ್ಯ ಸ್ವೀಕರಿಸುತ್ತಿತ್ತು. ಲಗ್ನಪತ್ರಿಕೆಗಳು ಶೆಡ್ಡಿನ ಮೊಳೆಯಲ್ಲಿದ್ದವು. ಸುದ್ದಿಪತ್ರಿಕೆ ಎಣ್ಣೆ ಸೋಕಿದೊಡನೆ ಅಂಬಲಿಯಾಯಿತು. ದೊಡ್ಡಪ್ಪನವರ ಜೇಬಿನ ನೋಟನ್ನು ಕೇಳಿದರೆ, "ಲಕ್ಷ್ಮೀನ ಎಣ್ಣೇಲಿ ಅದ್ದುತಾರೇನೇ?" ಎಂದರು. ಗಟ್ಟಿ ಕಾಗದವೆಂದು ಆ ರಸ್ತೆಯಲ್ಲಿ ಉಳಿದಿದ್ದದ್ದು ಒಂದೇ, ನನ್ನ ನೇಮಕದ ಆದೇಶ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜು ಹಿಡಿದು ಟೈಪಿನ ಹಾಳೆಯ ದಪ್ಪವನ್ನು ಅಳೆದು ಅಳೆದು ಬೇಸತ್ತಿದ್ದವಳಿಗೆ, ಅದನ್ನು ನಾಲ್ಕು ಪದರವಾಗಿ ಮಡಿಸಿದರೆ ಕೈಪಿಡಿ ಹೇಳಿದ ದಪ್ಪಕ್ಕೆ ಸರಿಸುಮಾರು ಬರುತ್ತದೆಂದು ಗೊತ್ತಿತ್ತು. ಅದು ಹರಿದರೆ ಕೆಲಸವಿಲ್ಲ, ಮಡಿಸದಿದ್ದರೆ ಕಾರಿಲ್ಲ, ಕಾರಿಲ್ಲದಿದ್ದರೂ ಕೆಲಸವಿಲ್ಲ. ರಾಜ್ಯಪಾಲರ ಆಜ್ಞಾನುಸಾರ ಎಂದು ಕೊನೆಯಾಗುವ ಆ ಹಾಳೆಯನ್ನು ನಾನು ಕಣ್ಣು ಮುಚ್ಚಿ ಮಡಿಸಿ, ಅಂಚನ್ನು ಮೊದಲನೆಯ ರಾಕರಿನ ಕೆಳಗೆ ತೂರಿಸಿದೆ.

ಆಮೇಲಿನ ದೃಶ್ಯವನ್ನು ನೆನೆದರೆ ಇಂದಿಗೂ ನನ್ನ ಎದೆ ತುಂಬುತ್ತದೆ. ಕಂಡರೆ ಗುಬ್ಬಿಯ ಕೊಬ್ಬರಿ ಪೇಟೆಯೇ ಎದ್ದು ನಿಲ್ಲುವ ದೊಡ್ಡರಂಗಯ್ಯನವರು ಇಸ್ತ್ರಿ ಪಂಚೆಯನ್ನು ಮೊಣಕಾಲ ಮೇಲೆ ಕಟ್ಟಿ, ಕಾರಿನ ಮುಂದೆ ಬಗ್ಗಿ ಹ್ಯಾಂಡಲ್ ಹಿಡಿದಿದ್ದಾರೆ; ನಾನು ಬಾನೆಟ್ಟಿನೊಳಗೆ ತಲೆಯಿಟ್ಟು "ಒಂಚೂರು ತಿರುಗಿಸಿ ದೊಡ್ಡಪ್ಪ... ಇನ್ನೊಂಚೂರು... ನಿಲ್ಲಿ!" ಎನ್ನುತ್ತೇನೆ, ಅವರು ನಿಲ್ಲುತ್ತಾರೆ. ಜನ್ಮದಲ್ಲಿ ಮೊದಲ ಬಾರಿಗೆ ನಾನು ನಿಲ್ಲಿ ಎಂದದ್ದಕ್ಕೆ ಅವರು ನಿಂತದ್ದು. ಗುಂಡಯ್ಯ ತಿರುಪು ಸಡಿಲಿಸಿ ನಟ್ಟು ಬಿಗಿಯುವನು, ನಾನು ಆದೇಶವನ್ನು ಎಳೆದು ನೋಡುವೆನು, ಅದು ತುಸು ಹಿಡಿದು ಹೊರಬಂದರೆ ಮುಂದಿನದು. ಹೀಗೆ ಒಂದೊಂದು ಬಾಗಿಲಲ್ಲೂ ತಾವು ಮತ್ತೆ ಅವತರಿಸಿದಿರಿ. ಅವಸರದಲ್ಲಿ ಒಂದೆರಡು ಕಡೆ ಸ್ವಲ್ಪ ಧಾರಾಳವಾಗಿಯೇ ಅವತರಿಸಿದಿರಿ. ವಾಲ್ವುಗಳ ಅಂಚು ಇನ್ನೂ ಪೂರ್ತಿ ಸುಟ್ಟಿರಲಿಲ್ಲವೆಂಬುದು ನನ್ನ ಪುಣ್ಯ. ಎಂಜಿನ್ ಹೊತ್ತಿಕೊಂಡಿತು, ಮತ್ತು ಇಷ್ಟು ದಿನ ನುಂಗಿಕೊಂಡಿದ್ದ ಮಾತನ್ನೆಲ್ಲ ಒಟ್ಟಿಗೆ ಆಡತೊಡಗಿತು.

ಆ ಸದ್ದಿನಲ್ಲಿ ನಾವು ಕುಣಿಗಲ್ ಹೊಕ್ಕೆವು. ದಾರಿಯಲ್ಲಿ ಎತ್ತುಗಳು ಬೆದರಿದವು, ನಾಯಿಗಳು ಹಿಂಬಾಲಿಸಿದವು, ದೊಡ್ಡಪ್ಪನವರು ಗುಬ್ಬಿಯವರಾರಾದರೂ ನೋಡಿಯಾರೆಂದು ಸೀಟಿನಲ್ಲಿ ಕೆಳಕ್ಕೆ ಜಾರಿ ಕೂತರು. ಕಚೇರಿಯ ಕಿಟಕಿಗಳೆಲ್ಲ ಮುಚ್ಚಿದ್ದವು. ಹೆಡ್‌ಕ್ಲಾರ್ಕ್ ಚಿಕ್ಕಬೀರಯ್ಯನವರು ಬಾಗಿಲಿಗೆ ಬೀಗವನ್ನು ಒತ್ತದೆ ಸಿಕ್ಕಿಸಿ, ಇದೇನು ಸದ್ದೆಂದು ಕೈಯಲ್ಲಿ ಕೀಲಿ ಹಿಡಿದಂತೆಯೇ ಮೆಟ್ಟಿಲಿಳಿದು ರಸ್ತೆಗೆ ಬಂದು ನಿಂತಿದ್ದರು. "ಯಾವ್ದ್ರೀ ಇದು, ರಾಗಿ ಮಿಷನ್ನಿಗೆ ಚಕ್ರ ಹಾಕ್ಕಂಡ್ ಬಂದಿದೀರಾ?" ಎಂದರು. ಕಾರು ಬೆಣ್ಣೆಯಂತೆ ಬಂದಿದ್ದರೆ ಅವರು ಬೀಗ ಒತ್ತಿ ಹಿಂದಿನ ಗಲ್ಲಿಯಿಂದ ಸೈಕಲ್ ಹತ್ತಿ ಹೋಗಿಯೇ ಬಿಟ್ಟಿರುತ್ತಿದ್ದರು ಎಂದು ಅವರೇ ಆಮೇಲೆ ಹೇಳಿದರು.

ನನ್ನ ಆದೇಶವನ್ನು ಅವರು ಎರಡು ಬೆರಳಿನಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಮೂಸಿ ನೋಡಿದರು. "ಏನಮ್ಮ ಇದಕ್ಕೆ ಒಗ್ಗರಣೆ ಹಾಕಿದೀರಾ? ಸಹಿ ಮೇಲೆ ಎಣ್ಣೆ, ಮೊಹರು ಮೇಲೆ ಎಣ್ಣೆ. ಇಂಥದ್ನ ತಗೊಳ್ಳಕ್ಕೆ ಬರಲ್ಲ. ಚೊಕ್ಕ ಕಾಪಿ ತಗೊಂಡು ಸೋಮವಾರ ಬನ್ನಿ" ಎಂದರು. ಸೋಮವಾರವೆಂದರೆ ಪಟ್ಟಿಯಲ್ಲಿ ಮುಂದಿನವರು; ಸೋಮವಾರವೆಂದರೆ ರೈಸ್‌ಮಿಲ್ಲು. ಎಣ್ಣೆಯಾದ ಆದೇಶ ಸ್ವೀಕರಿಸಬಾರದೆಂಬ ನಿಯಮ ಯಾವ ಪುಸ್ತಕದಲ್ಲಿದೆ ತೋರಿಸಿ ಸಾರ್ ಎಂದೆ. ದನಿ ಏರಿಸಬೇಡಿ ಎಂದರು. ಸಹಿ ಓದಲು ಬರುತ್ತದೋ ಇಲ್ಲವೋ ಎಂದೆ. ಬರುತ್ತದೆ, ಆದರೆ ಎಂದರು. ಇಂದು ಕಚೇರಿ ಮುಚ್ಚುವುದರೊಳಗೆ ಎಂದು ಇದರಲ್ಲೇ ಇದೆ, ಬೀಗ ಇನ್ನೂ ಬಿದ್ದಿಲ್ಲ ಎಂದೆ. ಅವರು ನನ್ನನ್ನು ಬಿಟ್ಟು ದೊಡ್ಡಪ್ಪನವರ ಕಡೆ ತಿರುಗಿ, ಗಂಡಸರು ಗಂಡಸರೊಡನೆ ಆಡುವ ದನಿಯಲ್ಲಿ, "ಯಜಮಾನ್ರೆ, ಒಸಿ ಹೇಳಿ ನಿಮ್ಮ ಹುಡುಗೀಗೆ, ಏನ್ ಸದ್ದು ಇದು" ಎಂದರು.

ದೊಡ್ಡಪ್ಪನವರು ಕಾರಿನಿಂದ ಇಳಿದರು. ಕೈತುಂಬ ಹ್ಯಾಂಡಲಿನ ಮಸಿ, ಪಂಚೆಯ ತುಂಬ ಹೆಬ್ಬೂರಿನ ಧೂಳು. ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು, ಹುಟ್ಟಿದಾಗಿನಿಂದ ಕೇಳಿದ್ದೆ. ಅವರು ಹಿಂದೆ ಇನ್ನೂ ಕಟಕಟ ಎನ್ನುತ್ತಿದ್ದ ಕಾರನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. "ನಿಲ್ಲಿಸಬೇಡ ಕಣಮ್ಮ," ಎಂದರು, "ಇನ್ನೊಂದ್ಸಲ ಹೇಳು. ಇವ್ರಿಗೆ ಸರಿಯಾಗಿ ಕೇಳಿಸಿಲ್ಲ."

ನಾನು ಇನ್ನೊಂದು ಸಲ ಹೇಳಿದೆ. ಚಿಕ್ಕಬೀರಯ್ಯನವರು ಬೀಗ ತೆಗೆದರು.

ಈಗ ದೂರಿಗೆ ಬರುತ್ತೇನೆ. ಮಾನ್ಯರೇ, ತಾವು ಅತಿ ಸಾಧು. ಯಾರೋ ಒಬ್ಬ ಸಂತೆಯಲ್ಲಿ ನಕ್ಕನೆಂದು ಇನ್ನೊಬ್ಬ ತಿರುಪು ಹಿಡಿದರೆ, ತಾವು ಏಕೆ ಏನು ಎಂದು ಕೇಳದೆ ಜಾಗ ಖಾಲಿ ಮಾಡುತ್ತೀರಿ. ಹೋಗುವಾಗ ಒಂದು ಕೂಗಿಲ್ಲ, ಒಂದು ಅರ್ಜಿಯಿಲ್ಲ. ಜನ ಮೌನವನ್ನು ಕೇಳಿ ಚಪ್ಪಾಳೆ ತಟ್ಟುತ್ತಿರುವಾಗ ಒಳಗೆ ಬಾಗಿಲಿನ ಅಂಚು ಸುಡುತ್ತಿರುತ್ತದೆ. ಆದ್ದರಿಂದ ಇನ್ನು ಮುಂದೆ ಯಾರೇ ತಮ್ಮನ್ನು ಒತ್ತಿ ಮುಚ್ಚಹೊರಟರೂ ತಾವು ಕಾರ್ಖಾನೆಯ ಸೈರನ್ನಿನಂತೆ ಕೂಗತಕ್ಕದ್ದೆಂದು ಪ್ರಾರ್ಥನೆ. ಸಾಧ್ಯವಾದರೆ ಬಾನೆಟ್ಟಿನಿಂದ ಹೊರಗೂ ದಯಮಾಡಿಸಬೇಕು. ಪಂಚಾಂಗಕ್ಕೂ ಪ್ರಯಾಣಕ್ಕೂ ನಡುವೆ ತಮಗೊಂದು ಜಾಗ ಕಾದಿರಿಸಿದೆ. ಕ್ಲಾರ್ಕಿನ ಬೀಗಕ್ಕೂ ಚಿಲಕಕ್ಕೂ ನಡುವೆ ಇನ್ನೊಂದು. ಹೆಣ್ಣು ನೋಡಲು ಬಂದವರು ಕೇಳುವ ಪ್ರಶ್ನೆಗೂ ಹುಡುಗಿಯ ಪರವಾಗಿ ಮನೆಯವರು ಕೊಡುವ ಉತ್ತರಕ್ಕೂ ನಡುವೆ ತಾವು ಒಂದು ಉಸಿರಿನಷ್ಟು ನಿಂತರೆ ಸಾಕು, ಆ ಸಂದಿನಲ್ಲಿ ಹುಡುಗಿ ತಾನೇ ಏನಾದರೂ ಹೇಳಿಕೊಂಡಾಳು. ಸಭೆಗಳಲ್ಲಿ "ಯಾರಿಗಾದರೂ ಆಕ್ಷೇಪವಿದೆಯೇ" ಮತ್ತು "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಇವೆರಡರ ನಡುವೆ ಸದ್ಯ ಬೀಡಿಕಟ್ಟಿನ ಹಾಳೆಯೂ ತೂರುವುದಿಲ್ಲ. ಅಲ್ಲಿ ತಮ್ಮ ಶಾಖೆಯೊಂದನ್ನು ತುರ್ತಾಗಿ ತೆರೆಯಬೇಕು.

ಈ ಪತ್ರಕ್ಕೆ ತಾವು ಉತ್ತರ ಕೊಡುವ ಕಷ್ಟ ತೆಗೆದುಕೊಳ್ಳಬಾರದು. ತಮ್ಮ ಜಾಗದಲ್ಲಿ ಒಂದು ಕಾಗದ ಹೋಗಿ ಕೂತರೂ ತಾವು ಅಷ್ಟರಮಟ್ಟಿಗೆ ಇಲ್ಲವಾಗುತ್ತೀರೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಸದ್ದು ಕೇಳಿಸುವವರೆಗೂ ತಮ್ಮ ವಿಶ್ವಾಸಿ,
ವನಜಮ್ಮ, ಬಿ.ಎಸ್ಸಿ., ಬಿ.ಎಡ್.

ಮರೆತ ಮಾತು: ಸರ್ಕಾರಿ ಕಾಗದದಷ್ಟು ಕರಾರುವಾಕ್ಕಾದ ಗೇಜು ಇನ್ನೊಂದಿಲ್ಲವೆಂದು ಗುಂಡಯ್ಯನಿಗೆ ಅಂದೇ ಮನವರಿಕೆಯಾಗಿಹೋಯಿತು, ಆದರೆ ನನ್ನ ಆದೇಶ ಎಣ್ಣೆಯ ಸಮೇತ ಸರ್ವೀಸ್ ರಿಜಿಸ್ಟರ್ ಸೇರಿಬಿಟ್ಟಿದೆ. ಆದ್ದರಿಂದ ಆತ ಪ್ರತಿ ಹಬ್ಬಕ್ಕೂ, "ಅಮ್ಮಾವ್ರೆ, ನಿಮ್ಮ ಹೆಡ್‌ಮಿಸ್ಟ್ರೆಸ್ ಪ್ರಮೋಷನ್ ಆರ್ಡರ್ ಬತ್ತದೆ ಅಂತಿದ್ರಲ್ಲ, ಬಂದೇಟ್ಗೆ ಒಂದಿನ ಕೊಡಿ, ಊರ್ನಾಗಿರೋ ಗಾಡಿಗಳ್ನೆಲ್ಲ ಒಂದೇ ಸಲ ಸೆಟ್ ಮಾಡ್ಬುಡ್ತೀನಿ" ಎಂದು ಕೇಳುತ್ತಾನೆ. ಇಲಾಖೆಯ ಗಮನಕ್ಕೆ: ಗುಬ್ಬಿ ತಾಲ್ಲೂಕಿನ ಒಂದೊಂದು ಕಾರೂ ಕಾಯುತ್ತಿದೆ, ಮತ್ತು ಅವುಗಳ ಸದ್ದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ.